ಆಂಫಿಮೆಡಾನ್ ಕ್ವೀನ್ಸ್‌ಲ್ಯಾಂಡಿಕ: ಒಂದು ಕಡಲ ಸ್ಪಂಜಿನ ಬದುಕು, ಹೆಸರು ಮತ್ತು ವರ್ಗೀಕರಣ

ಅಳಿವೆ:

ಪ್ರಾಣಿಗಳ ಉಗಮದ ಕುರಿತು ಇತ್ತೀಚಿನ ವರ್ಷಗಳಲ್ಲಿ ಬಂದಿರುವ ಬರಹಗಳನ್ನು ಓದಿದವರಿಗೆ ಆಂಫಿಮೆಡಾನ್ ಕ್ವೀನ್ಸ್‌ಲ್ಯಾಂಡಿಕ ಎಂಬ ಹೆಸರು ಒಂದಲ್ಲ ಒಂದು ಕಡೆ ಕಣ್ಣಿಗೆ ಬಿದ್ದೇ ಇರುತ್ತದೆ. 2010ರ ಆಗಸ್ಟ್‌ನಲ್ಲಿ ಇದರ ಜೀನೋಮ್, ಅಂದರೆ ಪೂರ್ಣ ಡಿ.ಎನ್.ಎ. ಮಾಹಿತಿ, ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ಪಂಜೊಂದರ ಜೀನೋಮನ್ನು ಓದಿ ಪ್ರಕಟಿಸಿದ್ದು ಅದೇ ಮೊದಲು. ಅಂದಿನಿಂದ ‘ಸ್ಪಂಜುಗಳಲ್ಲಿ ಈ ಜೀನು ಇದೆ, ಆ ಜೀನು ಇಲ್ಲ’ ಎಂದು ಯಾರಾದರೂ ಬರೆದರೆ, ಬಹಳ ಸಲ ಅದರ ಅರ್ಥ ‘ಈ ಒಂದು ಸ್ಪಂಜಿನಲ್ಲಿ ಇದೆ ಅಥವಾ ಇಲ್ಲ’ ಎಂದಷ್ಟೇ ಆಗಿರುತ್ತದೆ. ಒಂಬತ್ತು ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಒಂದು ವಂಶಕ್ಕೆ ಒಂದೇ ಪ್ರಭೇದ ಪ್ರತಿನಿಧಿಯಾಗಿ ನಿಂತಿರುವಾಗ, ಆ ಪ್ರಭೇದ ಎಲ್ಲಿ ಬದುಕುತ್ತದೆ, ಹೇಗೆ ಹುಟ್ಟುತ್ತದೆ, ಅದನ್ನು ಯಾವ ಆಧಾರದ ಮೇಲೆ ಯಾವ ಗುಂಪಿಗೆ ಸೇರಿಸಿದ್ದಾರೆ ಎಂಬುದನ್ನು ತಿಳಿಯದೆ ಮುಂದಿನ ಮಾತು ಆಡಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದಕ್ಕಾಗಿಯೇ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ದಕ್ಷಿಣ ತುದಿಯಲ್ಲಿ ಕ್ಯಾಪ್ರಿಕಾರ್ನ್-ಬಂಕರ್ ಎಂಬ ದ್ವೀಪಸಮೂಹವಿದೆ. ಅದರಲ್ಲಿ ಹೆರಾನ್ ದ್ವೀಪ ಒಂದು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಅಲ್ಲಿಯೇ ಇರುವುದರಿಂದ, ದ್ವೀಪವನ್ನು ಸುತ್ತುವರಿದ ಆಳವಿಲ್ಲದ ಹವಳದಿಬ್ಬದ ಜೀವಿಗಳನ್ನು ವರ್ಷವಿಡೀ ಗಮನಿಸಲು ಸಾಧ್ಯವಾಯಿತು. ಬರ್ನಾರ್ಡ್ ಡೆಗ್ನನ್ ಅವರ ಪ್ರಯೋಗಾಲಯ ಈ ಸ್ಪಂಜನ್ನು ಆರಿಸಿಕೊಳ್ಳಲು ಮುಖ್ಯ ಕಾರಣ ಇದರ ಸಂತಾನೋತ್ಪತ್ತಿಯ ಕ್ರಮ. ಅನೇಕ ಕಡಲ ಸ್ಪಂಜುಗಳು ವರ್ಷದ ಯಾವುದೋ ಕೆಲವು ದಿನ ಮಾತ್ರ ಲಾರ್ವಾಗಳನ್ನು (ಈಜಾಡುವ ಮರಿಗಳನ್ನು) ಬಿಟ್ಟು ಸುಮ್ಮನಾಗುತ್ತವೆ. ಇದಾದರೋ ವರ್ಷದುದ್ದಕ್ಕೂ ಭ್ರೂಣಗಳನ್ನು ಮೈಯೊಳಗೆ ಹೊತ್ತಿರುತ್ತದೆ. ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿವೆ. ಮೊಟ್ಟೆ ಒಳಗೇ ಫಲಿತವಾಗಿ ಅಲ್ಲೇ ಬೆಳೆಯುತ್ತದೆ. ಪ್ರೌಢ ಸ್ಪಂಜನ್ನು ಕೊಯ್ದು ನೋಡಿದರೆ ಸಂಸಾರಕೋಣೆಗಳೆಂದು ಕರೆಯಬಹುದಾದ ಪೊಟರೆಗಳಲ್ಲಿ ಬೇರೆ ಬೇರೆ ವಯಸ್ಸಿನ ಭ್ರೂಣಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಹೀಗಾಗಿ ಬೆಳವಣಿಗೆಯ ಎಲ್ಲ ಹಂತಗಳೂ ಒಂದೇ ದಿನ ಕೈಗೆ ಸಿಗುತ್ತವೆ.

ಈ ಹಂತಗಳಿಗೆ ಬಣ್ಣದ ಹಂಚಿಕೆಯನ್ನೇ ನೋಡಿ ಹೆಸರಿಟ್ಟಿದ್ದಾರೆ. ಮೊದಲು ವರ್ಣಕೋಶಗಳು ಭ್ರೂಣದ ಮೇಲ್ಮೈಯತ್ತ ಸರಿದು ಮೋಡದಂತೆ ಚದುರಿರುತ್ತವೆ; ಅದು ಮೋಡದ ಹಂತ. ಆಮೇಲೆ ಅವೆಲ್ಲ ಒಂದು ತುದಿಗೆ ಬಂದು ಕಲೆತು ಒಂದು ಚುಕ್ಕೆಯಾಗುತ್ತವೆ; ಅದು ಚುಕ್ಕೆಯ ಹಂತ. ಕೊನೆಗೆ ಆ ಚುಕ್ಕೆಯ ನಡುಭಾಗ ತೆರವಾಗಿ, ವರ್ಣ ಅಂಚಿಗೆ ಸರಿದು ಉಂಗುರವಾಗುತ್ತದೆ. ಉಂಗುರ ಮೂಡಿದ ಭ್ರೂಣ ಹೊರಬರಲು ಹೆಚ್ಚು ಕಾಲ ಉಳಿದಿಲ್ಲವೆಂದು ಅರ್ಥ. ಸೂಕ್ಷ್ಮದರ್ಶಕದ ಕೆಳಗೆ ಇಷ್ಟು ಸ್ಪಷ್ಟವಾಗಿ ತನ್ನ ವಯಸ್ಸನ್ನು ತಾನೇ ತೋರಿಸುವ ಭ್ರೂಣ ಸ್ಪಂಜುಗಳಲ್ಲಿ ಅಪರೂಪ.

ಈ ಉಂಗುರದ ಕೆಲಸವೇನು ಎಂಬುದನ್ನು ಮುಂದೆ ಬರೆಯುತ್ತೇನೆ. ಮೊದಲು ವರ್ಗೀಕರಣದ ಬಗ್ಗೆ ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಿ.

ಪಡುವಲ:

ಅಳಿವೆ ಅವರಿಗೆ ವಂದನೆಗಳು. ನಾನು ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. 2001, 2002ರ ಸುಮಾರಿನ ಪ್ರಬಂಧಗಳಲ್ಲಿ ಇದೇ ಹೆರಾನ್ ದ್ವೀಪದ ಸ್ಪಂಜನ್ನು ‘ರೆನಿಯೆರಾ’ ಎಂಬ ಜಾತಿಯ (ಜೀನಸ್), ಪ್ರಭೇದದ ಹೆಸರಿಲ್ಲದ ಸ್ಪಂಜು ಎಂದು ನಮೂದಿಸಿದ್ದಾರೆ. 2006ರ ನಂತರ ಆಂಫಿಮೆಡಾನ್ ಎಂದಾಗಿದೆ. ಇವೆರಡೂ ಒಂದೇ ಪ್ರಾಣಿಯೇ? ಒಂದೇ ಆಗಿದ್ದರೆ, ಇಷ್ಟೊಂದು ಅಧ್ಯಯನಕ್ಕೆ ಒಳಗಾದ ಪ್ರಾಣಿಗೆ ಅಷ್ಟು ವರ್ಷ ಸರಿಯಾದ ಹೆಸರೇ ಇರಲಿಲ್ಲವೇಕೆ? ಹೊರರೂಪದಿಂದ ಗುರುತಿಸುವುದು ಅಷ್ಟು ಕಷ್ಟವೇ?

ಅಳಿವೆ:

ಪಡುವಲ ಅವರೇ, ಎರಡೂ ಒಂದೇ ಪ್ರಾಣಿ. ನಿಮ್ಮ ಪ್ರಶ್ನೆ ಸ್ಪಂಜು ವರ್ಗೀಕರಣದ ನಿಜವಾದ ತೊಡಕಿಗೇ ಕೈ ಹಾಕಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಸ್ಪಂಜಿಗೆ ಕಾಲಿಲ್ಲ, ತಲೆಯಿಲ್ಲ, ಹಲ್ಲಿಲ್ಲ, ಗರಿಯಿಲ್ಲ. ಹೊರ ಆಕಾರ ನೀರಿನ ಸೆಳೆತಕ್ಕೂ ಜಾಗಕ್ಕೂ ತಕ್ಕಂತೆ ಬದಲಾಗುತ್ತದೆ. ನಮ್ಮ ಪ್ರಾಣಿ ನೀಲಿ ಬೆರೆತ ಬೂದು ಬಣ್ಣದ್ದು, ಮೆತ್ತಗಿರುವಂಥದ್ದು, ಹವಳದ ಸಂದುಗೊಂದುಗಳಲ್ಲಿ ಹರಡಿಕೊಂಡು ಬೆಳೆಯುವಂಥದ್ದು ಎಂದು ಹೇಳಿದರೆ, ಆ ವಿವರಣೆಗೆ ಹೊಂದುವ ಬೇರೆ ಸ್ಪಂಜುಗಳು ಬೇಕಾದಷ್ಟು ಸಿಗುತ್ತವೆ. ಹಾಗಾಗಿ ವರ್ಗೀಕರಣಕಾರರು ಮೊದಲಿನಿಂದಲೂ ನೆಚ್ಚಿಕೊಂಡಿರುವುದು ಒಳಗಿನ ಹಂದರವನ್ನು. ಆ ಹಂದರದಲ್ಲಿ ಎರಡು ವಸ್ತುಗಳಿವೆ: ಸ್ಪಿಕ್ಯೂಲ್ ಎನ್ನುವ ಸಿಲಿಕಾದ ಮುಳ್ಳುಗಳು, ಮತ್ತು ಸ್ಪಾಂಜಿನ್ ಎನ್ನುವ ಪ್ರೋಟೀನಿನ ನಾರು. ಸ್ಪಂಜಿನ ಚೂರೊಂದನ್ನು ಬ್ಲೀಚ್ ದ್ರಾವಣದಲ್ಲಿ ಹಾಕಿಟ್ಟರೆ ಮಾಂಸಭಾಗವೂ ನಾರೂ ಕರಗಿ, ತಳದಲ್ಲಿ ಮುಳ್ಳುಗಳು ಮಾತ್ರ ಬಿಳಿಯ ಪುಡಿಯಾಗಿ ಉಳಿಯುತ್ತವೆ. ಅನೇಕ ಗಣಗಳಲ್ಲಿ (ಆರ್ಡರ್) ಆ ಪುಡಿಯೇ ಸಾಕು. ನಕ್ಷತ್ರಾಕಾರದವು, ಲಂಗರಿನ ಆಕಾರದವು, ಗುಂಡುಸೂಜಿಯಂತೆ ತಲೆಯಿರುವವು ಎಂದು ಬಗೆಬಗೆಯ ಮುಳ್ಳುಗಳು ಕಾಣಸಿಕ್ಕು, ಗುರುತು ಸುಲಭವಾಗುತ್ತದೆ.

ನಮ್ಮ ಸ್ಪಂಜು ಸೇರಿರುವ ಹ್ಯಾಪ್ಲೋಸ್ಕ್ಲೆರಿಡ ಗಣದಲ್ಲಿ ಈ ದಾರಿ ಬೇಗ ಮುಚ್ಚಿಹೋಗುತ್ತದೆ. ಅಲ್ಲಿ ಬಹುಪಾಲು ಸ್ಪಂಜುಗಳಿಗೆ ಇರುವುದು ಆಕ್ಸಿಯ ಎಂಬ ಒಂದೇ ಬಗೆಯ ಮುಳ್ಳು: ಎರಡೂ ತುದಿ ಚೂಪಾದ, ತುಸು ಬಾಗಿದ, ಸಾದಾ ಕಡ್ಡಿ. ನೂರಾರು ಪ್ರಭೇದಗಳ ಪುಡಿ ಒಂದೇ ರೀತಿ ಕಾಣುತ್ತದೆ. ಆದ್ದರಿಂದ ಮುಳ್ಳು ಯಾವುದೆಂಬುದಕ್ಕಿಂತ ಮುಳ್ಳುಗಳು ಹೇಗೆ ಜೋಡಣೆಯಾಗಿವೆ ಎಂಬುದನ್ನು ನೋಡಬೇಕಾಗುತ್ತದೆ. ಅದಕ್ಕೆ ಸ್ಪಂಜನ್ನು ಮೇಲ್ಮೈಗೆ ಲಂಬವಾಗಿ ತೆಳ್ಳಗೆ ಕೊಯ್ದು, ಪಾರದರ್ಶಕವಾಗಿಸಿ, ಹಂದರ ಕದಡದಂತೆ ನೋಡಬೇಕು. ಮುಳ್ಳುಗಳು ಒಂದೊಂದಾಗಿ ತುದಿಗೆ ತುದಿ ಸೇರಿ ಜಾಳಿಗೆ ಕಟ್ಟಿದ್ದರೆ ಕ್ಯಾಲಿನಿಡೀ ಕುಟುಂಬದತ್ತ ಕೈತೋರಿಸುತ್ತೇವೆ. ಹಲವು ಮುಳ್ಳುಗಳು ಕಟ್ಟುಕಟ್ಟಾಗಿ ಸ್ಪಾಂಜಿನ್ ನಾರಿನೊಳಗೆ ಸಾಗುತ್ತಿದ್ದು, ಮೇಲ್ಮೈಯಲ್ಲಿಯೂ ಅಂಥದೇ ಕಟ್ಟುಗಳ ಬಲೆ ಹರಡಿದ್ದರೆ ನಿಫಾಟಿಡೀ. ನಾರೇ ಪ್ರಧಾನವಾಗಿ ಮುಳ್ಳು ವಿರಳವಾಗಿದ್ದರೆ ಕ್ಯಾಲಿಸ್ಪಾಂಜಿಡೀ. ಮೇಲ್ನೋಟಕ್ಕೆ ಇದು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಒಂದೇ ಸ್ಪಂಜಿನ ಬುಡದಲ್ಲಿ ಒಂದು ಬಗೆ, ತುದಿಯಲ್ಲಿ ಇನ್ನೊಂದು ಬಗೆ ಇರುವ ಉದಾಹರಣೆಗಳು ಬೇಕಾದಷ್ಟಿವೆ.

‘ರೆನಿಯೆರಾ’ ಎಂಬುದು ಶ್ಮಿಡ್ಟ್ ಅವರು 1862ರಲ್ಲಿ ಸ್ಥಾಪಿಸಿದ ಜಾತಿ. ಸಾದಾ ಆಕ್ಸಿಯ ಮುಳ್ಳಿನ, ಮೆತ್ತನೆಯ ಎಷ್ಟೋ ಸ್ಪಂಜುಗಳನ್ನು ಅದರಡಿ ತಂದು ಹಾಕಲಾಗಿತ್ತು. ಈಗ ಅದು ಹ್ಯಾಲಿಕ್ಲೋನ ಜಾತಿಯ ಒಂದು ಉಪಜಾತಿ ಮಾತ್ರ. ಹೆರಾನ್ ದ್ವೀಪದ ಸ್ಪಂಜಿಗೆ ಆ ಹೆಸರು ತಾತ್ಕಾಲಿಕವಾಗಿ ಅಂಟಿಕೊಂಡಿತ್ತು. ಜೀನೋಮ್ ಯೋಜನೆ ಕೈಗೂಡುವ ಹೊತ್ತಿಗೆ ಹೆಸರಿಲ್ಲದ ಪ್ರಾಣಿಯ ಜೀನೋಮನ್ನು ಪ್ರಕಟಿಸುವುದು ಸರಿಯಲ್ಲವೆಂಬುದು ಸ್ಪಷ್ಟವಾಯಿತು. 2006ರಲ್ಲಿ ಕ್ವೀನ್ಸ್‌ಲ್ಯಾಂಡ್ ಮ್ಯೂಸಿಯಮ್ಮಿನ ಜಾನ್ ಹೂಪರ್ ಮತ್ತು ಆಮ್‌ಸ್ಟರ್‌ಡ್ಯಾಮಿನ ರಾಬ್ ವಾನ್ ಸೂಸ್ಟ್ ಇದನ್ನು ಹೊಸ ಪ್ರಭೇದವೆಂದು ವಿಧಿಬದ್ಧವಾಗಿ ವಿವರಿಸಿದರು. ಕಟ್ಟುಕಟ್ಟಾದ ಮುಳ್ಳುಗಳ ಹಂದರವನ್ನು ಕಂಡು ಅದನ್ನು ನಿಫಾಟಿಡೀ ಕುಟುಂಬದ ಆಂಫಿಮೆಡಾನ್ ಜಾತಿಗೆ ಸೇರಿಸಿದರು. ಸ್ಪಂಜುಗಳ ಸಮಗ್ರ ವರ್ಗೀಕರಣವನ್ನು 2002ರಲ್ಲಿ ಸಂಪಾದಿಸಿದವರೂ ಇವರಿಬ್ಬರೇ. ಹಾಗಾಗಿ ಈ ಕೆಲಸಕ್ಕೆ ಅವರಿಗಿಂತ ಅರ್ಹರು ಯಾರೂ ಇರಲಿಲ್ಲ.

ಹೊಳೆಬದಿ:

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಾನು ಮಲೆನಾಡಿನವನು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಬಂಡೆಗಳ ಅಡಿಭಾಗದಲ್ಲಿ, ನೀರಲ್ಲಿ ಬಿದ್ದ ಮರದ ತುಂಡುಗಳ ಮೇಲೆ ಹಕ್ಕಳೆಯಂಥ ಒರಟು ಪದರವನ್ನು ನೋಡಿದ್ದೇನೆ. ಅದು ಸಿಹಿನೀರಿನ ಸ್ಪಂಜು ಎಂದು ನಮ್ಮ ಕಾಲೇಜಿನಲ್ಲಿ ಹೇಳಿದ್ದರು. ಆಗ ಓದಿದ ಪುಸ್ತಕದಲ್ಲಿ ಸಿಹಿನೀರಿನ ಸ್ಪಂಜುಗಳೂ ಹ್ಯಾಪ್ಲೋಸ್ಕ್ಲೆರಿಡ ಗಣಕ್ಕೇ ಸೇರಿದ್ದವು. ಹಾಗಾದರೆ ನಮ್ಮ ಹೊಳೆಯ ಸ್ಪಂಜೂ ಆಸ್ಟ್ರೇಲಿಯಾದ ಈ ಸ್ಪಂಜೂ ಹತ್ತಿರದ ನೆಂಟರೇ?

ಅಳಿವೆ:

ಹೊಳೆಬದಿ ಅವರೇ, ನೀವು ಓದಿದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಸಿಹಿನೀರಿನ ಸ್ಪಂಜುಗಳಲ್ಲೂ ಸಾದಾ ಆಕ್ಸಿಯಗಳಿವೆ, ಹಂದರವೂ ಜಾಳಿಗೆಯಂತಿದೆ. ಆ ಹೋಲಿಕೆಯನ್ನೇ ನೆಚ್ಚಿ 2002ರ ವರ್ಗೀಕರಣದಲ್ಲೂ ಅವನ್ನು ಹ್ಯಾಪ್ಲೋಸ್ಕ್ಲೆರಿಡದೊಳಗಿನ ಒಂದು ಉಪಗಣವಾಗಿ ಇಟ್ಟಿದ್ದರು. ಡಿ.ಎನ್.ಎ. ಹೋಲಿಕೆಗಳು ಬಂದ ಮೇಲೆ ಆ ನೆಂಟಸ್ತಿಕೆ ನಿಲ್ಲಲಿಲ್ಲ. ಕಡಲಿನ ಹ್ಯಾಪ್ಲೋಸ್ಕ್ಲೆರಿಡಗಳು ಒಂದು ಕವಲು, ಸಿಹಿನೀರಿನವು ಬೇರೆಯೇ ಕವಲು ಎಂದು ಮತ್ತೆ ಮತ್ತೆ ಕಂಡುಬಂದಿತು. 2015ರಲ್ಲಿ ಮಾರೊ ಮತ್ತು ಕಾರ್ಡೆನಾಸ್ ಡೆಮೊಸ್ಪಾಂಜಿಯ ವರ್ಗವನ್ನು ಪುನರ್‌ರಚಿಸಿದಾಗ ಸಿಹಿನೀರಿನ ಸ್ಪಂಜುಗಳಿಗೆ ಸ್ಪಾಂಜಿಲ್ಲಿಡ ಎಂಬ ಪ್ರತ್ಯೇಕ ಗಣವನ್ನೇ ಕೊಟ್ಟರು. ಸಾದಾ ಕಡ್ಡಿಯಂಥ ಮುಳ್ಳು ಬೇರೆ ಬೇರೆ ಕವಲುಗಳಲ್ಲಿ ಸ್ವತಂತ್ರವಾಗಿ ಉಳಿಯಬಹುದು, ಸ್ವತಂತ್ರವಾಗಿ ಮೂಡಲೂಬಹುದು. ಕಡ್ಡಿ ಒಂದೇ ರೀತಿ ಇದೆಯೆಂದ ಮಾತ್ರಕ್ಕೆ ಮನೆತನ ಒಂದೆಂದು ಹೇಳಲಾಗುವುದಿಲ್ಲ.

ಬದುಕಿನ ಕ್ರಮವೂ ಬೇರೆ. ಹೊಳೆ ಬತ್ತಿದಾಗ ನಿಮ್ಮ ಸ್ಪಂಜು ಜೆಮ್ಯೂಲ್‌ಗಳೆಂಬ ಗಟ್ಟಿ ಕವಚದ ಸಣ್ಣ ಗುಳಿಗೆಗಳನ್ನು ಉಳಿಸಿಕೊಂಡು, ನೀರು ಬಂದಾಗ ಅವುಗಳಿಂದ ಮತ್ತೆ ಮೈತಳೆಯುತ್ತದೆ. ಮುಂದಿನ ಬೇಸಿಗೆಯಲ್ಲಿ ಆ ಹಕ್ಕಳೆಯ ಬುಡವನ್ನು ಒಂದು ಮಸೂರ ಹಿಡಿದು ನೋಡಿ. ಸಾಸಿವೆಗಿಂತ ಚಿಕ್ಕ, ಹಳದಿ ಅಥವಾ ಕಂದು ಬಣ್ಣದ ಕಾಳುಗಳು ಕಂಡರೆ ಅವೇ ಜೆಮ್ಯೂಲ್‌ಗಳು. ಭಾರತದ ಸಿಹಿನೀರಿನ ಸ್ಪಂಜುಗಳನ್ನು ಕಳೆದ ಶತಮಾನದ ಆರಂಭದಲ್ಲೇ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ನೆಲ್ಸನ್ ಆನಂಡೇಲ್ ವ್ಯವಸ್ಥಿತವಾಗಿ ವಿವರಿಸಿದ್ದಾರೆ. ಇಂದಿಗೂ ಗುರುತಿಸುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.

ಕಾಜಾಣ:

ಪದವಿ ತರಗತಿಗಳಿಗೆ ಪಾಠ ಮಾಡುವವಳಾಗಿ ಒಂದು ಪ್ರಶ್ನೆ ಕೇಳುತ್ತೇನೆ. ಡಿ.ಎನ್.ಎ. ಆಧಾರದ ಮೇಲೆ ಸಿಹಿನೀರಿನವು ಹೊರಹೋದವು, ಸರಿ. ಆದರೆ ಅದೇ ಪರೀಕ್ಷೆಯನ್ನು ಆಂಫಿಮೆಡಾನ್ ಜಾತಿಗೂ ನಿಫಾಟಿಡೀ ಕುಟುಂಬಕ್ಕೂ ಒಡ್ಡಿದರೆ ಅವು ಉಳಿಯುತ್ತವೆಯೇ? ಉಳಿಯದಿದ್ದರೆ ನಾವು ಮಕ್ಕಳಿಗೆ ಹೇಳಿಕೊಡುತ್ತಿರುವ ಹೆಸರಿನ ಬೆಲೆಯೇನು?

ಅಳಿವೆ:

ಕಾಜಾಣ ಮೇಡಂ, ನೇರ ಉತ್ತರ ಹೀಗಿದೆ: ಈಗಿನ ರೂಪದಲ್ಲಿ ಉಳಿಯುವುದಿಲ್ಲ. ಕಡಲಿನ ಹ್ಯಾಪ್ಲೋಸ್ಕ್ಲೆರಿಡಗಳ ಮೇಲೆ ನಡೆದಿರುವ ಡಿ.ಎನ್.ಎ. ಅಧ್ಯಯನಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳುತ್ತಿವೆ. ಗಣವೇನೋ ಒಂದೇ ಮೂಲದ್ದು, ಗಟ್ಟಿಯಾಗಿದೆ. ಆದರೆ ಅದರೊಳಗಿನ ಕ್ಯಾಲಿನಿಡೀ, ನಿಫಾಟಿಡೀ, ಪೆಟ್ರೋಸಿಡೀ ಕುಟುಂಬಗಳ ಸದಸ್ಯರು ವಂಶವೃಕ್ಷದಲ್ಲಿ ಚೆಲ್ಲಾಪಿಲ್ಲಿಯಾಗಿ ಹರಡಿಹೋಗುತ್ತಾರೆ. ಹಂದರವನ್ನು ನೋಡಿ ಕಟ್ಟಿದ ಕುಟುಂಬಗಳು ವಂಶಾವಳಿಗೆ ಹೊಂದುತ್ತಿಲ್ಲ.

ಆಂಫಿಮೆಡಾನ್ ಜಾತಿಯನ್ನು ದ್ಯುಶಾಸೇಂಗ್ ಮತ್ತು ಮಿಕೆಲೊಟ್ಟಿ 1864ರಲ್ಲಿ ಕೆರಿಬಿಯನ್ ಕಡಲಿನ ಸ್ಪಂಜುಗಳಿಗಾಗಿ ಸ್ಥಾಪಿಸಿದರು. ಅದರ ಮಾದರಿ ಪ್ರಭೇದ ಆಂಫಿಮೆಡಾನ್ ಕಂಪ್ರೆಸ್ಸ, ಕೆಂಪು ಬಣ್ಣದ ಕಡ್ಡಿಗಳಂತೆ ಎದ್ದು ನಿಲ್ಲುವ ಸ್ಪಂಜು. ನಾಮಕರಣದ ನಿಯಮದ ಪ್ರಕಾರ ಜಾತಿಯ ಹೆಸರು ಮಾದರಿ ಪ್ರಭೇದದ ಜೊತೆ ಹೋಗುತ್ತದೆ. ಮುಂದೊಂದು ದಿನ ಜಾತಿಯನ್ನು ಒಡೆಯಬೇಕಾಗಿ ಬಂದು, ಕ್ವೀನ್ಸ್‌ಲ್ಯಾಂಡಿಕ ಬೇರೆ ಕವಲಿನದೆಂದು ತೀರ್ಮಾನವಾದರೆ, ‘ಆಂಫಿಮೆಡಾನ್’ ಕೆರಿಬಿಯನ್ನಿನಲ್ಲೇ ಉಳಿಯುತ್ತದೆ. ಜೀನೋಮಿನಿಂದ ಪ್ರಸಿದ್ಧವಾದ ನಮ್ಮ ಸ್ಪಂಜಿಗೆ ಬೇರೆ ಜಾತಿನಾಮ ಬರುತ್ತದೆ. ‘ಕ್ವೀನ್ಸ್‌ಲ್ಯಾಂಡಿಕ’ ಎಂಬ ಪ್ರಭೇದದ ಹೆಸರಿಗೆ ಮಾತ್ರ ಧಕ್ಕೆಯಿಲ್ಲ. ಅದು 2006ರ ವಿವರಣೆಗೆ ಆಧಾರವಾದ ಮ್ಯೂಸಿಯಂ ಮಾದರಿಗೆ ಕಟ್ಟಿಕೊಂಡಿದೆ.

ಹೆಸರಿನ ಬೆಲೆಯೇನು ಎಂದು ಕೇಳಿದಿರಿ. ಪ್ರಭೇದದ ಹೆಸರು ಒಂದು ನಿರ್ದಿಷ್ಟ ಪ್ರಾಣಿಯನ್ನು ಮತ್ತೆ ಕಂಡುಹಿಡಿಯಲು ನಮಗಿರುವ ಏಕೈಕ ವಿಳಾಸ. ಹವಾಯಿಯಲ್ಲೋ ಕೆಂಪು ಸಮುದ್ರದಲ್ಲೋ ಸಿಕ್ಕ ಸ್ಪಂಜೊಂದು ಇದೇ ಹೌದೋ ಅಲ್ಲವೋ ಎಂದು ತೀರ್ಮಾನಿಸಬೇಕಾದರೆ ಆ ಮಾದರಿಯ ಬಳಿಗೇ ಹೋಗಬೇಕು. ಕುಟುಂಬ ಮತ್ತು ಗಣದ ಹೆಸರುಗಳ ಮಾತು ಬೇರೆ. ಅವು ನೆಂಟಸ್ತಿಕೆಯ ಬಗೆಗಿನ ಊಹೆಗಳು, ಸಾಕ್ಷ್ಯ ಬದಲಾದಂತೆ ಬದಲಾಗಬೇಕಾದಂಥವು. ಪಾಠದಲ್ಲಿ ಈ ಎರಡನ್ನೂ ಒಂದೇ ತೂಕದಲ್ಲಿ ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ.

ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೆ ತನ್ನದೇ ಜೀನೋಮ್ ಇದೆ; ಈ ಸ್ಪಂಜಿನ ಆ ಜೀನೋಮ್ ಕೂಡ ಈ ಕವಲಿನ ವೈಶಿಷ್ಟ್ಯವನ್ನು ತೋರಿಸುತ್ತದೆ. 2007ರಲ್ಲಿ ಅದನ್ನು ಪೂರ್ಣವಾಗಿ ಓದಿದಾಗ, ಬೇರೆ ಡೆಮೊಸ್ಪಂಜುಗಳ ಮೈಟೊಕಾಂಡ್ರಿಯದಲ್ಲಿ ಸಾಮಾನ್ಯವಾಗಿ ಇರುವ ಎಟಿಪಿ9 ಎಂಬ ಜೀನು ಇಲ್ಲಿ ಇರಲಿಲ್ಲ. ಅದು ಕೋಶಕೇಂದ್ರದ ಡಿ.ಎನ್.ಎ.ಗೆ ವರ್ಗಾವಣೆಯಾಗಿತ್ತು. ‘ಆದಿಮ’ವೆಂದು ನಾವು ಕರೆಯುವ ಪ್ರಾಣಿಯಲ್ಲಿ ಇಷ್ಟೊಂದು ಹೊಸತನ ಇದೆ ಎಂಬುದನ್ನು ದಯವಿಟ್ಟು ಗಮನಿಸಿ.

ಪಡುವಲ:

ಉಂಗುರದ ಬಗ್ಗೆ ಬರೆಯುತ್ತೇನೆಂದಿದ್ದಿರಿ. ಲಾರ್ವಾ ಬೆಳಕಿನಿಂದ ದೂರ ಈಜುತ್ತದೆ ಎಂದು ಓದಿದ್ದೇನೆ. ಕಣ್ಣಿಲ್ಲದೆ, ನರವಿಲ್ಲದೆ ದಿಕ್ಕು ಹೇಗೆ ತಿಳಿಯುತ್ತದೆ?

ಅಳಿವೆ:

ಇದು ಈ ಪ್ರಾಣಿಯ ಬದುಕಿನಲ್ಲೇ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ.

ಲಾರ್ವಾ ಅರ್ಧ ಮಿಲಿಮೀಟರಿಗಿಂತ ತುಸು ಉದ್ದದ ಅಂಡಾಕಾರದ ದೇಹ. ಒಳಗೆ ಟೊಳ್ಳಿಲ್ಲ, ಕೋಶಗಳೇ ತುಂಬಿವೆ. ಈ ಬಗೆಯನ್ನು ಪ್ಯಾರೆಂಕಿಮೆಲ್ಲ ಎನ್ನುತ್ತಾರೆ. ಮೈಮೇಲೆಲ್ಲ ಗಿಡ್ಡ ಲೋಮಾಂಗಗಳು (ಕೂದಲೆಳೆಯಂಥ ಚಾಚುಗಳು) ಬಡಿಯುತ್ತಿರುತ್ತವೆ, ಅವುಗಳಿಂದಲೇ ಅದು ತನ್ನ ಉದ್ದನೆಯ ಅಕ್ಷದ ಸುತ್ತ ತಿರುಗುತ್ತ ಮುಂದೆ ಸಾಗುತ್ತದೆ. ಹಿಂದಿನ ತುದಿಯಲ್ಲಿ ಮಾತ್ರ ಆ ಕಪ್ಪು ಉಂಗುರವಿದೆ. ಉಂಗುರದ ಪ್ರತಿಯೊಂದು ಕೋಶಕ್ಕೂ ವರ್ಣ ತುಂಬಿದ ಒಂದು ಚಾಚು, ಜೊತೆಗೆ ಒಂದು ಉದ್ದನೆಯ ಲೋಮಾಂಗ. ಸ್ಯಾಲಿ ಲೇಸ್ ಮತ್ತು ಬರ್ನಾರ್ಡ್ ಡೆಗ್ನನ್ 2001ರಲ್ಲಿ ತೋರಿಸಿದಂತೆ, ಆ ಲೋಮಾಂಗಗಳ ನಿಲುವು ಬೆಳಕಿನ ತೀವ್ರತೆ ಹಠಾತ್ತನೆ ಬದಲಾದಾಗ ಬದಲಾಗುತ್ತದೆ. ಲಾರ್ವಾ ತಿರುಗುತ್ತಿರುವುದರಿಂದ ಉಂಗುರದ ಒಂದು ಬದಿ ಬೆಳಕಿಗೂ ಇನ್ನೊಂದು ಬದಿ ನೆರಳಿಗೂ ಬರುತ್ತಿರುತ್ತದೆ. ಬೆಳಕಿನ ಬದಿಯ ಲೋಮಾಂಗಗಳು ಒಂದು ರೀತಿ, ನೆರಳಿನ ಬದಿಯವು ಇನ್ನೊಂದು ರೀತಿ ವರ್ತಿಸಿದಾಗ ಇಡೀ ದೇಹ ತಾನಾಗಿಯೇ ಬೆಳಕಿನಿಂದ ದೂರಕ್ಕೆ ಹೊರಳುತ್ತದೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಅಗತ್ಯವೇ ಇಲ್ಲ. ಬೆಳಕನ್ನು ಗ್ರಹಿಸುವ ಕೋಶವೇ ಚುಕ್ಕಾಣಿಯನ್ನೂ ಹಿಡಿದಿದೆ.

ಗ್ರಹಿಕೆಯ ಅಣುವಿನ ವಿಷಯ ಇನ್ನೂ ಸೊಗಸಾಗಿದೆ. ನಮ್ಮ ಕಣ್ಣಿನಲ್ಲೂ, ನೊಣದ ಕಣ್ಣಿನಲ್ಲೂ, ಅಂಬಲಿಮೀನಿನ (ಜೆಲ್ಲಿಫಿಶ್) ಕಣ್ಣಿನಲ್ಲೂ ಬೆಳಕನ್ನು ಹಿಡಿಯುವುದು ಆಪ್ಸಿನ್ ಎಂಬ ಪ್ರೋಟೀನು. ಈ ಸ್ಪಂಜಿನ ಜೀನೋಮಿನಲ್ಲಿ ಆಪ್ಸಿನ್ ಇಲ್ಲ. ನೀಲಿ ಬೆಳಕಿಗೆ ಸ್ಪಂದಿಸುವ ಕ್ರಿಪ್ಟೊಕ್ರೋಮ್ ಎಂಬ ಪ್ರೋಟೀನು ಇದೆ, ಮತ್ತು ಅದರ ಒಂದು ಜೀನು ಉಂಗುರದ ಕೋಶಗಳ ಬಳಿಯೇ ಸಕ್ರಿಯವಾಗಿರುವುದನ್ನು 2012ರಲ್ಲಿ ತೋರಿಸಿದ್ದಾರೆ. ಲಾರ್ವಾ ಅತಿ ಹೆಚ್ಚು ಸ್ಪಂದಿಸುವುದೂ ಸುಮಾರು 440 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿಗೇ. ಬೆಳಕಿನತ್ತ ಗಮನ ಕೊಡುವ ವ್ಯವಸ್ಥೆಯೊಂದನ್ನು ಈ ಕವಲು ತನ್ನದೇ ಸಾಮಗ್ರಿಯಿಂದ ಕಟ್ಟಿಕೊಂಡಿದೆ.

ದೂರ ಹೊರಳುವುದರ ಪ್ರಯೋಜನವೂ ಸ್ಪಷ್ಟ. ಹಗಲಿನಲ್ಲಿ ಹೊರಬಿದ್ದ ಲಾರ್ವಾ ಬಿಸಿಲಿನಿಂದ ತಪ್ಪಿಸಿಕೊಂಡು ತಳದ ಸಂದುಗಳತ್ತ ಇಳಿಯುತ್ತದೆ. ಹೊರಬಂದ ಕೂಡಲೇ ಅದು ನೆಲೆಯೂರಲಾರದು, ಕೆಲವು ಗಂಟೆ ಈಜಿದ ಮೇಲೆ ಮಾತ್ರ ಆ ಸಾಮರ್ಥ್ಯ ಬರುತ್ತದೆ. ಸುಣ್ಣದ ಅಂಶವಿರುವ ಕೆಂಪು ಪಾಚಿಯ ಸಂಪರ್ಕವಾದರೆ ಮುಂದಿನ ತುದಿಯನ್ನು ಊರಿ ಚಪ್ಪಟೆಯಾಗುತ್ತದೆ. ಲಾರ್ವಾಗಳನ್ನು ನಿರಂತರ ಬೆಳಕಿನಲ್ಲೇ ಇಟ್ಟರೆ ಪಾಚಿ ಎದುರಿಗಿದ್ದರೂ ನೆಲೆಯೂರಲು ಹಿಂಜರಿಯುತ್ತವೆ; ಬೆಳಕು ಕುಂದುವುದೂ ಒಂದು ಸೂಚನೆಯಾಗಿ ಕೆಲಸ ಮಾಡುತ್ತದೆ. ನೆಲೆಯೂರಿ ಸುಮಾರು 72 ಗಂಟೆಗಳಲ್ಲಿ ಕಾಲುವೆಗಳೂ, ನೀರು ಸೆಳೆಯುವ ಕೋಣೆಗಳೂ, ನೀರು ಹೊರಹೋಗುವ ಬಾಯಿಯೂ ಇರುವ ಪುಟ್ಟ ಸ್ಪಂಜು ಸಿದ್ಧವಾಗಿರುತ್ತದೆ.

ತೊರೆಸಾಲು:

ನಾನು ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವವನು, ಆದ್ದರಿಂದ ಒಂದು ಅಂಶವನ್ನು ಸೇರಿಸುತ್ತೇನೆ. ನೆಲೆಯೂರುವಿಕೆಯನ್ನು ನಿಯಂತ್ರಿಸುವ ಸಂಕೇತಗಳಲ್ಲಿ ನೈಟ್ರಿಕ್ ಆಕ್ಸೈಡ್ ಒಂದು. ಅದನ್ನು ತಯಾರಿಸಲು ಅರ್ಜಿನೀನ್ ಎಂಬ ಅಮೈನೋ ಆಮ್ಲ ಬೇಕು. ಈ ಸ್ಪಂಜಿಗೆ ಅರ್ಜಿನೀನನ್ನು ತಾನೇ ತಯಾರಿಸಿಕೊಳ್ಳುವ ಪೂರ್ಣ ಸಾಮರ್ಥ್ಯವಿಲ್ಲ. ಅದರ ಮೈಯಲ್ಲಿರುವ ಸಹಜೀವಿ ಬ್ಯಾಕ್ಟೀರಿಯಾ ಅದನ್ನು ಒದಗಿಸುತ್ತದೆ ಎಂದು 2021ರಲ್ಲಿ ಸ್ಯಾಂಡಿ ಡೆಗ್ನನ್ ಅವರ ತಂಡ ಪ್ರಕಟಿಸಿದೆ. ಈ ಬ್ಯಾಕ್ಟೀರಿಯಾಗಳು ಕಡಲ ನೀರಿನಿಂದ ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಬಂದು ಸೇರುವಂಥವಲ್ಲ. ತಾಯಿಯ ಮೈಯೊಳಗೇ ಭ್ರೂಣಕ್ಕೆ ವರ್ಗಾವಣೆಯಾಗುತ್ತವೆ. ಲಾರ್ವಾ ಹೊರಬರುವಾಗಲೇ ತನ್ನ ಬ್ಯಾಕ್ಟೀರಿಯಾಗಳನ್ನು ಹೊತ್ತುಕೊಂಡೇ ಬರುತ್ತದೆ. ಹಾಗಾಗಿ ಸ್ಪಂಜಿನ ಜೀನೋಮನ್ನು ಮಾತ್ರ ಓದಿ ‘ಇದಕ್ಕೆ ಇಂಥ ಸಾಮರ್ಥ್ಯವಿಲ್ಲ’ ಎಂದು ಬರೆಯುವಾಗ ಜೊತೆಗಾರರ ಜೀನೋಮನ್ನೂ ನೋಡಬೇಕು. ಒಂದು ಮುಖ್ಯ ಸಹಜೀವಿ ಗಂಧಕವನ್ನು ಉತ್ಕರ್ಷಿಸುವ ಬಗೆಯದು.

ಕಾಜಾಣ:

ತೊರೆಸಾಲು ಅವರ ಮಾತು ಪಾಠಕ್ಕೆ ಬಹಳ ಉಪಯುಕ್ತವಾಗಿದೆ. ಇನ್ನೊಂದು ವಿಷಯವಿದೆ. ಈ ಸ್ಪಂಜಿನಲ್ಲಿ ನರಕೋಶಗಳ ಸಂಧಿಗೆ ಬೇಕಾದ ಜೀನುಗಳಿವೆ ಎಂದು ಜನಪ್ರಿಯ ಬರಹಗಳಲ್ಲಿ ಬರುತ್ತದೆ. ಕೆಲವರು ಇದರಿಂದ ‘ಸ್ಪಂಜುಗಳಿಗೆ ಹಿಂದೆ ನರಮಂಡಲವಿತ್ತು, ಆಮೇಲೆ ಕಳೆದುಕೊಂಡವು’ ಎಂದೂ, ಇನ್ನು ಕೆಲವರು ‘ನರಮಂಡಲ ಮೂಡುವ ಮುನ್ನಿನ ಸ್ಥಿತಿ ಇದು’ ಎಂದೂ ಹೇಳುತ್ತಾರೆ. ಯಾವುದು ಸರಿ?

ಅಳಿವೆ:

ಸಾಕ್ಷ್ಯ ಮತ್ತು ವ್ಯಾಖ್ಯಾನವನ್ನು ಬೇರೆ ಬೇರೆ ಇಡೋಣ. ಸಾಕ್ಷ್ಯ ಇಷ್ಟು: ನರಸಂಧಿಯ ಗ್ರಾಹಕ ಬದಿಯಲ್ಲಿ ಪ್ರೋಟೀನುಗಳನ್ನು ಒಂದೆಡೆ ಹಿಡಿದಿಡುವ ಅಟ್ಟಣೆಯ ಬಹುಪಾಲು ಜೀನುಗಳು ಈ ಸ್ಪಂಜಿನಲ್ಲಿವೆ ಎಂದು 2007ರಲ್ಲಿ ಗೊತ್ತಾಯಿತು. ಲಾರ್ವಾದ ಹೊರಪದರದಲ್ಲಿ ಹೂಜಿಯ ಆಕಾರದ ಕೆಲವು ಕೋಶಗಳಿವೆ. ಅಂಥ ಜೀನುಗಳಲ್ಲಿ ಕೆಲವು ಆ ಕೋಶಗಳಲ್ಲೇ ಸಕ್ರಿಯವಾಗಿವೆ. ಬಹುಶಃ ಅವು ಪರಿಸರವನ್ನು ಗ್ರಹಿಸುವ ಕೋಶಗಳು. ಇಷ್ಟನ್ನು ಮಾತ್ರ ಸ್ಪಂಜು ತಾನಾಗಿ ನಮಗೆ ತೋರಿಸುತ್ತದೆ.

ಕಳೆದುಕೊಂಡಿತೋ, ಇನ್ನೂ ಪಡೆದಿರಲಿಲ್ಲವೋ ಎಂಬುದು ಪ್ರಾಣಿಗಳ ವಂಶವೃಕ್ಷದ ಬುಡದಲ್ಲಿ ಮೊದಲು ಕವಲೊಡೆದವರು ಯಾರು ಎಂಬುದನ್ನು ಅವಲಂಬಿಸಿದೆ. ಸ್ಪಂಜುಗಳೇ ಮೊದಲು ಎಂಬುದು ದೀರ್ಘಕಾಲದ ನಂಬಿಕೆ. 2008ರಲ್ಲಿ ಡನ್ ಮತ್ತು ಸಂಗಡಿಗರ ವಿಶ್ಲೇಷಣೆ, ನರಕೋಶಗಳೂ ಸ್ನಾಯುಗಳೂ ಇರುವ ಬಾಚಣಿಗೆ ಅಂಬಲಿಗಳು, ಅಂದರೆ ಟೀನೊಫೋರಗಳು, ಮೊದಲು ಕವಲೊಡೆದವೆಂದು ಹೇಳಿತು. 2013ರ ಟೀನೊಫೋರ ಜೀನೋಮ್ ಅದನ್ನು ಬೆಂಬಲಿಸಿತು. 2015 ಮತ್ತು 2017ರ ಬೇರೆ ವಿಶ್ಲೇಷಣೆಗಳು ಲೆಕ್ಕಾಚಾರದ ವಿಧಾನವನ್ನು ಪ್ರಶ್ನಿಸಿ ಸ್ಪಂಜುಗಳನ್ನೇ ಮತ್ತೆ ಮೊದಲ ಸ್ಥಾನಕ್ಕೆ ತಂದವು. 2023ರಲ್ಲಿ ವರ್ಣತಂತುಗಳ ಮೇಲೆ ಜೀನುಗಳು ಗುಂಪಾಗಿರುವ ಕ್ರಮವನ್ನು ಹೋಲಿಸಿದ ಅಧ್ಯಯನ ಮತ್ತೆ ಟೀನೊಫೋರಗಳ ಪರವಾಗಿ ನಿಂತಿತು. ಅದರ ವಾದ ನನಗೆ ಬಲವಾಗಿ ಕಾಣುತ್ತದೆ, ಏಕೆಂದರೆ ಒಮ್ಮೆ ಬೆರೆತುಹೋದ ಜೀನುಗುಂಪುಗಳು ಮತ್ತೆ ಹಳೆಯಂತೆ ಬೇರ್ಪಡುವುದು ತೀರಾ ಅಸಂಭವ. ಆದರೂ ವಿವಾದ ಮುಗಿದಿದೆ ಎಂದು ತರಗತಿಯಲ್ಲಿ ಹೇಳಬೇಡಿ.

ಇನ್ನು ‘ಮುನ್ನಿನ ಸ್ಥಿತಿ’ ಎಂಬ ಮಾತಿಗೆ ನನ್ನ ತಕರಾರಿದೆ. ಇಂದು ಹೆರಾನ್ ದ್ವೀಪದಲ್ಲಿರುವ ಸ್ಪಂಜು ನಮ್ಮ ಪೂರ್ವಜವಲ್ಲ. ನಮಗೆಷ್ಟು ಕಾಲ ಸಂದಿದೆಯೋ ಅದಕ್ಕೂ ಅಷ್ಟೇ ಕಾಲ ಸಂದಿದೆ. ಅದರಲ್ಲಿ, ದೇಹದ ಯಾವ ಭಾಗ ಎಲ್ಲಿ ಬೆಳೆಯಬೇಕೆಂದು ನಿರ್ಧರಿಸುವ ಹಾಕ್ಸ್ ಜೀನುಗಳಿಲ್ಲ ಎಂದಾಗ ‘ಸ್ಪಂಜುಗಳ ಕಾಲಕ್ಕೆ ಹಾಕ್ಸ್ ಹುಟ್ಟಿರಲಿಲ್ಲ’ ಎಂದು ಅನೇಕರು ಬರೆದರು. 2014ರಲ್ಲಿ ಸುಣ್ಣದ ಮುಳ್ಳಿನ ಸೈಕಾನ್ ಸ್ಪಂಜಿನಲ್ಲಿ ಹಾಕ್ಸ್‌ನ ಸೋದರ ಗುಂಪಾದ ಪ್ಯಾರಾಹಾಕ್ಸ್ ಜೀನು ಸಿಕ್ಕಿತು. ಅಂದರೆ ನಮ್ಮ ಸ್ಪಂಜಿನ ಕವಲು ಅದನ್ನು ಕಳೆದುಕೊಂಡಿರಬೇಕು. ಒಂದೇ ಪ್ರಭೇದವನ್ನು ಇಡೀ ವಂಶಕ್ಕೆ ಸಮನೆಂದು ಹಿಡಿದದ್ದರ ಫಲ ಅದು.

ಪಡುವಲ:

ಹಾಗಿದ್ದರೆ ಕೊಯನೊಸೈಟ್‌ಗಳ ವಿಷಯ? ಸ್ಪಂಜಿನ ಕೋಣೆಗಳಲ್ಲಿ ಕಶಾಂಗ ಬಡಿದು ನೀರು ಸೆಳೆಯುವ ಆ ಕೋಶಗಳು ಏಕಕೋಶಿಗಳಾದ ಕೊಯನೊಫ್ಲಾಜೆಲೇಟ್‌ಗಳನ್ನೇ ಹೋಲುವುದರಿಂದ, ಪ್ರಾಣಿಗಳು ಅಂಥ ಏಕಕೋಶಿಗಳಿಂದಲೇ ಬಂದವೆಂದು ನಮಗೆ ಪಾಠವಾಗಿದೆ.

ಅಳಿವೆ:

ಆ ಹೋಲಿಕೆಯನ್ನು ಅಮೆರಿಕದ ಹೆನ್ರಿ ಜೇಮ್ಸ್-ಕ್ಲಾರ್ಕ್ 1860ರ ದಶಕದಲ್ಲೇ ಗುರುತಿಸಿದ್ದರು. ಕೊಯನೊಫ್ಲಾಜೆಲೇಟ್‌ಗಳು ಪ್ರಾಣಿಗಳಿಗೆ ಅತ್ಯಂತ ಹತ್ತಿರದ ಏಕಕೋಶಿಗಳೆಂಬುದು ಡಿ.ಎನ್.ಎ.ಯಿಂದಲೂ ಸ್ಥಿರಪಟ್ಟಿದೆ. ಪ್ರಶ್ನೆಗೆ ಒಳಗಾಗಿರುವುದು ಮುಂದಿನ ಹೆಜ್ಜೆ, ಅಂದರೆ ಕೊಯನೊಸೈಟ್ ಆ ಪೂರ್ವಜ ಕೋಶದ ನೇರ ಮುಂದುವರಿಕೆ ಎಂಬ ಊಹೆ. 2019ರಲ್ಲಿ ಡೆಗ್ನನ್ ತಂಡ ಆಂಫಿಮೆಡಾನಿನ ಮೂರು ಬಗೆಯ ಕೋಶಗಳಲ್ಲಿ ಯಾವ ಜೀನುಗಳು ಸಕ್ರಿಯವಾಗಿವೆ ಎಂದು ಹೋಲಿಸಿತು: ನೀರು ಸೆಳೆಯುವ ಕೊಯನೊಸೈಟ್, ಹೊರಪದರದ ಪಿನಕೊಸೈಟ್, ಮತ್ತು ಒಳಗೆ ಓಡಾಡುತ್ತ ಬೇಕಾದ ಕೋಶವಾಗಿ ಮಾರ್ಪಡಬಲ್ಲ ಆರ್ಕಿಯೊಸೈಟ್. ನಿರೀಕ್ಷೆಗೆ ವಿರುದ್ಧವಾಗಿ ಕೊಯನೊಸೈಟ್‌ನ ಜೀನು ಚಟುವಟಿಕೆ ಕೊಯನೊಫ್ಲಾಜೆಲೇಟ್‌ಗಳಿಗೆ ಹೊಂದಲಿಲ್ಲ. ಏಕಕೋಶಿ ನೆಂಟರಿಗೆ ಹೆಚ್ಚು ಹೊಂದಿದ್ದು ಆರ್ಕಿಯೊಸೈಟ್. ಗುರುತುಬಣ್ಣ ಹಾಕಿದ ಕೊಯನೊಸೈಟ್‌ಗಳು ಕೆಲವು ಗಂಟೆಗಳಲ್ಲೇ ಕೋಣೆ ಬಿಟ್ಟು ಆರ್ಕಿಯೊಸೈಟ್‌ಗಳಾದವು. ಇದೊಂದು ಸ್ಥಿರ ಕೋಶಬಗೆಯೆಂದು ಹೇಳುವುದೇ ಕಷ್ಟ.

2014ರ ಇನ್ನೊಂದು ಅಧ್ಯಯನವೂ ಇದೇ ದಿಕ್ಕಿನದು. ಲಾರ್ವಾದ ಹೊರಪದರದ ಕೋಶಗಳಿಗೆ ಗುರುತು ಹಾಕಿ ರೂಪಾಂತರದುದ್ದಕ್ಕೂ ಹಿಂಬಾಲಿಸಿದಾಗ, ಹೊರಪದರ ಹೊರಪದರವಾಗಿಯೇ, ಒಳಪದರ ಒಳಪದರವಾಗಿಯೇ ಉಳಿಯಲಿಲ್ಲ. ಹೊರಗಿನವು ಒಳಗಿನವಾದವು, ಒಳಗಿನವು ಹೊರಗಿನವಾದವು. ನಮ್ಮಂಥ ಪ್ರಾಣಿಗಳ ಭ್ರೂಣಪದರಗಳನ್ನು ಸ್ಪಂಜಿನ ಪದರಗಳಿಗೆ ಒಂದಕ್ಕೊಂದು ಹೋಲಿಸಿ ಕಲಿಸುವುದನ್ನು ನಿಲ್ಲಿಸಬೇಕೆಂದು ನಾನು ಬಲವಾಗಿ ಹೇಳುತ್ತೇನೆ.

ಹೀಗೆಂದು ಹಳೆಯ ನಂಟೇ ಇಲ್ಲವೆಂದಲ್ಲ. 2020ರಲ್ಲಿ ಎಮಿಲಿ ವಾಂಗ್ ಮತ್ತು ಸಂಗಡಿಗರು ಈ ಸ್ಪಂಜಿನ ಡಿ.ಎನ್.ಎ.ಯಲ್ಲಿ ಜೀನೊಂದನ್ನು ಚಾಲೂ ಮಾಡುವ ನಿಯಂತ್ರಕ ತುಣುಕನ್ನು ತೆಗೆದು ಜೀಬ್ರಾಮೀನಿನ ಭ್ರೂಣಕ್ಕೆ ಸೇರಿಸಿದರು. ನರವೇ ಇಲ್ಲದ ಪ್ರಾಣಿಯ ಆ ತುಣುಕು ಬೆನ್ನೆಲುಬಿರುವ ಪ್ರಾಣಿಯ ನಿರ್ದಿಷ್ಟ ಕೋಶಗಳಲ್ಲಿ ಕೆಲಸ ಮಾಡಿತು.

ಕಾಜಾಣ:

ಬಹಳ ಸ್ಪಷ್ಟವಾಯಿತು, ಧನ್ಯವಾದಗಳು. ನಮ್ಮ ವಿಭಾಗದ ಗೋಡೆಗೆ ಈ ಪ್ರಾಣಿಯದೊಂದು ಪಟ ಮಾಡಿಸುತ್ತಿದ್ದೇವೆ. ವರ್ಗೀಕರಣದ ಸಾಲುಗಳನ್ನು ಹೇಗೆ ಬರೆಯಬೇಕು? ನಿಫಾಟಿಡೀ ಎಂದು ಬರೆಯಲೇ, ಬಿಟ್ಟುಬಿಡಲೇ?

ಅಳಿವೆ:

ಬಿಡಬೇಡಿ ಮೇಡಂ. ವಂಶ ಪೊರಿಫೆರಾ, ವರ್ಗ ಡೆಮೊಸ್ಪಾಂಜಿಯ, ಉಪವರ್ಗ ಹೆಟೆರೊಸ್ಕ್ಲೆರೊಮಾರ್ಫ, ಗಣ ಹ್ಯಾಪ್ಲೋಸ್ಕ್ಲೆರಿಡ, ಕುಟುಂಬ ನಿಫಾಟಿಡೀ, ಜಾತಿ ಆಂಫಿಮೆಡಾನ್, ಪ್ರಭೇದ ಕ್ವೀನ್ಸ್‌ಲ್ಯಾಂಡಿಕ ಎಂದು ಬರೆದು, ಪಕ್ಕದಲ್ಲಿ ಹೂಪರ್ ಮತ್ತು ವಾನ್ ಸೂಸ್ಟ್, 2006 ಎಂದು ನಮೂದಿಸಿ. ಮೊದಲ ನಾಲ್ಕು ಸಾಲುಗಳನ್ನು ಒಂದು ಬಣ್ಣದಲ್ಲೂ ಕುಟುಂಬ ಮತ್ತು ಜಾತಿಯನ್ನು ಬೇರೆ ಬಣ್ಣದಲ್ಲೂ ಬರೆಸಿ, ಈ ಎರಡು ಇನ್ನೂ ಪರಿಶೀಲನೆಯಲ್ಲಿವೆ ಎಂದು ಕೆಳಗೆ ಒಂದು ಸಾಲು ಸೇರಿಸಿದರೆ ವಿದ್ಯಾರ್ಥಿಗಳು ಏಕೆಂದು ಕೇಳುತ್ತಾರೆ. ಚಿತ್ರದಲ್ಲಿ ಪ್ರೌಢ ಸ್ಪಂಜಿನ ಜೊತೆ ಮೋಡ, ಚುಕ್ಕೆ, ಉಂಗುರದ ಮೂರು ಭ್ರೂಣಗಳನ್ನೂ ಬರೆಸಿ. ಉಂಗುರ ಲಾರ್ವಾದ ಹಿಂದಿನ ತುದಿಯಲ್ಲಿರಬೇಕು, ಈಜುವ ದಿಕ್ಕಿನ ಬಾಣ ಅದರ ವಿರುದ್ಧ ತುದಿಯಿಂದ ಹೊರಡಬೇಕು.